ಸತ್ಯ ನಿರೀಕ್ಷಿತ, ಅಸತ್ಯ ಪ್ರಾಪ್ತ

ಗಣಕಯಂತ್ರದ ತಂತ್ರಾಂಶವನ್ನು ಕುರಿತ ಲೇಖನವೊಂದು ನೀತಿವಿಚಾರದ ಪುಟಗಳಲ್ಲಿ ಕಾಣಿಸಿಕೊಂಡರೆ ವಾಚಕರಿಗೆ ಆಶ್ಚರ್ಯವಾಗುವುದು ಸಹಜ. ಯಂತ್ರಕ್ಕೆ ಪಾಪಪುಣ್ಯಗಳಿಲ್ಲ, ಅದಕ್ಕೆ ಆದೇಶ ಬರೆಯುವ ಮನುಷ್ಯನಿಗೆ ಅವು ಉಂಟು. ಆ ಮನುಷ್ಯನು ದಿನನಿತ್ಯ ಬರೆಯುವ ಒಂದು ಬಗೆಯ ಸಣ್ಣ ವಾಕ್ಯವಿದೆ. ಹೊರಗಿನವರು ಅದನ್ನು ಎಂದೂ ನೋಡುವುದಿಲ್ಲ. ಬರೆದವನೂ ಬಹುಮಟ್ಟಿಗೆ ಅದನ್ನು ಮತ್ತೆ ಓದುವುದಿಲ್ಲ. ಆದರೂ ಆ ವಾಕ್ಯವನ್ನು ಅವನು ಹೇಗೆ ಬರೆದನು ಎಂಬುದರ ಮೇಲೆ ಎಲ್ಲಿಯೋ ಇರುವ ಒಬ್ಬ ರೈತನ ಬಿತ್ತನೆ ನಿಂತಿರಬಹುದು. ಅಂಥ ಒಂದು ಸಂಗತಿಯನ್ನು ಸಮೀಪದಿಂದ ಕಂಡವನಾದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನು ಬಿಡಿಸಿ ಹೇಳಬೇಕು. ದೊಡ್ಡ ತಂತ್ರಾಂಶವೆಂದರೆ ಸಾವಿರಾರು ಸಣ್ಣ ಸಣ್ಣ ಲೆಕ್ಕಗಳ ಕೂಟ. ಬಡ್ಡಿ ಕಟ್ಟುವುದು ಒಂದು, ದಿನ ಎಣಿಸುವುದು ಇನ್ನೊಂದು, ಮೊತ್ತ ಕೂಡಿಸುವುದು ಮತ್ತೊಂದು. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸುವ ಸಲುವಾಗಿ ಇನ್ನೊಂದು ಪುಟ್ಟ ಕ್ರಮವಿಧಿಯನ್ನು ಬರೆದಿಡುತ್ತಾರೆ. ಇದನ್ನು ಯೂನಿಟ್ ಟೆಸ್ಟ್ ಎನ್ನುತ್ತಾರೆ. ನಾವು ಬಿಡಿಪರೀಕ್ಷೆ ಎನ್ನೋಣ. "ಇಂಥ ಸಂಖ್ಯೆಗಳನ್ನು ಕೊಟ್ಟರೆ ಇಂಥ ಉತ್ತರ ಬರಲೇಬೇಕು" ಎಂದು ಅದು ಹೇಳುತ್ತದೆ. ಈ "ಬರಲೇಬೇಕು" ಎಂಬ ವಾಕ್ಯಕ್ಕೆ ಅಸರ್ಷನ್ ಎಂದು ಹೆಸರು. ದೃಢೋಕ್ತಿ ಎಂದು ಕರೆದರೆ ತಪ್ಪಾಗಲಾರದು. ಯಾರಾದರೂ ತಂತ್ರಾಂಶದಲ್ಲಿ ಒಂದು ಅಕ್ಷರವನ್ನು ತಿದ್ದಿದರೂ ಸರಿ, ಯಂತ್ರವು ಈ ಪರೀಕ್ಷೆಗಳನ್ನೆಲ್ಲ ತಾನಾಗಿಯೇ ನಡೆಸಿ, ಎಲ್ಲ ದೃಢೋಕ್ತಿಗಳೂ ನಿಂತರೆ ಹಸಿರನ್ನೂ ಒಂದಾದರೂ ಬಿದ್ದರೆ ಕೆಂಪನ್ನೂ ತೋರಿಸುತ್ತದೆ.

ದೃಢೋಕ್ತಿಯ ಕಲ್ಪನೆ ಗಣಕಯಂತ್ರದಷ್ಟೇ ಹಳೆಯದು. 1949ರ ಜೂನ್ ತಿಂಗಳಿನಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅಲನ್ ಟ್ಯೂರಿಂಗ್ ಅವರು, ದೊಡ್ಡದೊಂದು ಕ್ರಮವಿಧಿ ಸರಿಯಾಗಿದೆಯೆಂದು ಪರಿಶೀಲಿಸುವುದು ಹೇಗೆ ಎಂಬ ವಿಷಯವಾಗಿ ಪುಟ್ಟ ಪ್ರಬಂಧವನ್ನು ಮಂಡಿಸಿದರು. ಅದರಲ್ಲಿ ಅವರು ಕೊಟ್ಟ ದೃಷ್ಟಾಂತ ಶಾಲಾಮಕ್ಕಳ ಕೂಡುವ ಲೆಕ್ಕದ್ದು. ಉದ್ದನೆಯ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಬರಿಯ ಮೊತ್ತವನ್ನು ಕೊಟ್ಟರೆ, ಪರಿಶೀಲಿಸುವವನು ಇಡೀ ಲೆಕ್ಕವನ್ನು ಒಂದೇ ಉಸಿರಿಗೆ ಮತ್ತೆ ಮಾಡಬೇಕಾಗುತ್ತದೆ. ಒಂದೊಂದು ಸ್ಥಾನದ ಮೊತ್ತವನ್ನೂ ಮುಂದಿನ ಸ್ಥಾನಕ್ಕೆ ಹೋದ ದಶಕವನ್ನೂ ಬರೆದಿಟ್ಟರೆ, ಅವನು ಬಿಡಿಬಿಡಿಯಾಗಿ, ಸಾವಕಾಶವಾಗಿ ನೋಡಬಹುದು. ಬರೆಯುವವನು ತುಸು ಹೆಚ್ಚು ಶ್ರಮಪಟ್ಟರೆ ಪರಿಶೀಲಿಸುವವನ ಭಾರ ಇಳಿಯುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಟ್ಯೂರಿಂಗ್ ಅವರು ಹೇಳುತ್ತಿದ್ದುದು ಕ್ರಮವಿಧಿಯ ಸಾಧನೆಯ ವಿಷಯ, ಇಂದಿನ ಬಿಡಿಪರೀಕ್ಷೆಯ ವಿಷಯವಲ್ಲ. ಆದರೂ ದೃಢೋಕ್ತಿ ಇರುವುದು ಪರಿಶೀಲಿಸುವವನಿಗಾಗಿ ಎಂಬ ಮೂಲ ವಿಚಾರ ಅಲ್ಲಿಯೇ ಇದೆ. ಆಮೇಲೆ ಬಂದವರು ಅದನ್ನು ಮರೆತರು ಎಂದೇ ನನ್ನ ಭಾವನೆ.

ಈಗಿನ ರೂಢಿ ಈಚಿನದು. ಕೆಂಟ್ ಬೆಕ್ ಎಂಬ ಅಮೆರಿಕದ ತಂತ್ರಜ್ಞರು 1994ರಲ್ಲಿ ಸ್ಮಾಲ್‌ಟಾಕ್ ಎಂಬ ಗಣಕಭಾಷೆಗೆ ಪರೀಕ್ಷೆಯ ಚೌಕಟ್ಟೊಂದನ್ನು ಪ್ರಕಟಿಸಿದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುತ್ತ ಜಾವಾ ಭಾಷೆಗಾಗಿ ಅಂಥದೇ ಚೌಕಟ್ಟನ್ನು ಬರೆದರು, ಅದೇ ಜೆಯೂನಿಟ್. ಬೆಂಗಳೂರು ಮೈಸೂರುಗಳಲ್ಲಿ ಜಾವಾ ಬರೆದು ಜೀವನ ನಡೆಸಿದವರಲ್ಲಿ ಅದನ್ನು ಬಳಸದವರು ವಿರಳ. ಆ ಚೌಕಟ್ಟಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬರೆಯಬಹುದಾದ ದೃಢೋಕ್ತಿಯ ಹೆಸರು ಅಸರ್ಟ್ ಟ್ರೂ. ಯಾವ ಮಾತನ್ನಾದರೂ ಅದರ ಕಂಸದೊಳಗೆ ಇಟ್ಟು "ಇದು ಸತ್ಯವಾಗಿರಬೇಕು" ಎಂದರೆ ಮುಗಿಯಿತು. ಅದು ಬಿದ್ದಾಗ ಯಂತ್ರವು ಹೇಳುವುದಿಷ್ಟೆ: ಸತ್ಯವನ್ನು ನಿರೀಕ್ಷಿಸಲಾಗಿತ್ತು, ದೊರೆತದ್ದು ಅಸತ್ಯ. ಹಳೆಯ ಆವೃತ್ತಿಗಳಲ್ಲಿ ಅಷ್ಟೂ ಇರಲಿಲ್ಲ. ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಮಾತ್ರ. ಯಾವ ಸತ್ಯ? ಯಾವುದರ ಬಗೆಗಿನ ಅಸತ್ಯ? ಅದು ಯಂತ್ರಕ್ಕೆ ತಿಳಿಯದು. ಬರೆದವನು ಹೇಳಿದ್ದರೆ ತಾನೆ ತಿಳಿಯುವುದು!

ಇಷ್ಟು ಪೀಠಿಕೆ ಸಾಕು. ಈಗ ಭೂಮಿಯ ಅಳತೆಗೆ ಬರೋಣ. ನಾನು ಹೇಳಬೇಕೆಂದಿರುವ ಸಂಗತಿ ನಡೆದದ್ದು ಅಲ್ಲಿ.

ನಮ್ಮೂರು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ. ಹತ್ತಿ, ರಾಗಿ ಬೆಳೆಯುವ ಸೀಮೆ. ಅಲ್ಲಿ ಭೂಮಿಯನ್ನು ಎಕರೆ ಗುಂಟೆಗಳಲ್ಲಿ ಹೇಳುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ 16 ಆಣೆ. ರೂಪಾಯಿಯ ಆಣೆ ಹೋಗಿ ಎಷ್ಟೋ ಕಾಲವಾದರೂ ಭೂಮಿಯ ಆಣೆ ನಮ್ಮಲ್ಲಿ ಇನ್ನೂ ಉಳಿದಿದೆ. ಪಹಣಿಯಲ್ಲಿ ವಿಸ್ತೀರ್ಣವನ್ನು ಬರೆಯುವಾಗ ಎಕರೆ ಗುಂಟೆಗಳ ನಡುವೆ ಚುಕ್ಕೆಯಿಡುವುದು ವಾಡಿಕೆ. 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದೇ ಬರಹವನ್ನು ಪಟ್ಟಣದಲ್ಲಿ ದಶಾಂಶ ಕಲಿತವನು ಓದಿದರೆ, ಎರಡು ಎಕರೆಯ ಮೇಲೆ ಎಕರೆಯ ಐದನೆಯ ಒಂದು ಭಾಗ, ಅಂದರೆ ಎರಡು ಎಕರೆ ಎಂಟು ಗುಂಟೆ ಎಂದಾಗುತ್ತದೆ. ಹನ್ನೆರಡು ಗುಂಟೆ ಭೂಮಿ ಒಂದು ಚುಕ್ಕೆಯಲ್ಲಿ ಮುಳುಗಿಹೋಗುತ್ತದೆ.

ಕೈಬರಹದ ಪಹಣಿಗಳ ಕಾಲದಲ್ಲಿ ಈ ಅಪಾಯ ಅಷ್ಟಾಗಿ ಇರಲಿಲ್ಲ. ಬರೆಯುವ ಗ್ರಾಮಲೆಕ್ಕಿಗರಿಗೂ ಓದುವ ರೈತನಿಗೂ ಚುಕ್ಕೆಯ ಅರ್ಥ ಗೊತ್ತಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. ಇದು ರೈತನಿಗೆ ಆದ ದೊಡ್ಡ ಉಪಕಾರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರ ಬೆನ್ನಲ್ಲೇ ಇನ್ನೊಂದು ಆಯಿತು. ಪಹಣಿಯ ಅಂಕಿಗಳು ಕಚೇರಿಯ ಹೊರಗಿನ ತಂತ್ರಾಂಶಗಳಿಗೂ ಹರಿದುಹೋದವು. ಅವನ್ನು ಬರೆಯುವವರಲ್ಲಿ ಅನೇಕರು ಗುಂಟೆಯನ್ನು ಕಂಡವರಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದು ಬೆಳೆಸಾಲ ಕೊಡುವವರಿಗಾಗಿ ತಂತ್ರಾಂಶ ಸಿದ್ಧಪಡಿಸುತ್ತಿತ್ತು. ಅರ್ಜಿದಾರನ ಬೇರೆ ಬೇರೆ ಸರ್ವೆ ನಂಬರುಗಳ ವಿಸ್ತೀರ್ಣವನ್ನು ಕೂಡಿ, ಬೆಳೆಗೆ ಎಕರೆಗೆ ಇಷ್ಟೆಂದು ಗೊತ್ತಾದ ದರದಿಂದ ಗುಣಿಸಿ, ಸಾಲದ ಮಿತಿಯನ್ನು ತೋರಿಸುವುದು ಅದರ ಕೆಲಸ. ನಾನು ಬೇರೊಂದು ವಿಭಾಗದಲ್ಲಿದ್ದೆ. ಒಂದು ದಿನ ಸಾಲ ಸಂಸ್ಥೆಯಿಂದ ದೂರೊಂದು ಬಂದಿತು. ಬೇರೆ ಜಿಲ್ಲೆಯ ರೈತನೊಬ್ಬನು ತನಗೆ ಬರಬೇಕಾದ ಸಾಲದಲ್ಲಿ ಮೂರನೆಯ ಒಂದು ಭಾಗ ಕಡಿಮೆಯಾಗಿದೆಯೆಂದು ಬರೆದಿದ್ದನು. ಬಿತ್ತನೆಯ ಹದ ಕಾಯುವುದಿಲ್ಲವಾದ್ದರಿಂದ ಬೀಜಕ್ಕೆ ಕೈಸಾಲ ಮಾಡಿದ್ದೇನೆಂದೂ ಅದರಲ್ಲಿತ್ತು. ಸಂಬಂಧಪಟ್ಟವರು ಪರೀಕ್ಷೆಗಳನ್ನು ನಡೆಸಿ ನೋಡಿದರು. ಎಲ್ಲವೂ ಹಸಿರು. ತಂತ್ರಾಂಶ ಸರಿಯಾಗಿದೆ, ಮೂಲ ಅಂಕಿಯಲ್ಲೇ ದೋಷವಿರಬೇಕು ಎಂದು ಉತ್ತರ ಸಿದ್ಧವಾಗುತ್ತಿತ್ತು.

ಆ ಶನಿವಾರ ನಾನು ಊರಿಗೆ ಹೋಗಿದ್ದೆ. ನಮ್ಮ ದೊಡ್ಡಪ್ಪನವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಅಳತೆಗೆ ಬಂದವರ ಜೊತೆ ಸರಪಳಿ ಹಿಡಿದು ನಡೆದವರು. ರೈತನ ಹೆಸರು ಊರು ಏನನ್ನೂ ಹೇಳದೆ, "ದೊಡ್ಡಪ್ಪ, ಒಂದು ಹೊಲ 1.30, ಇನ್ನೊಂದು 0.20. ಕೂಡಿದರೆ 1.50 ಅಂತ ನಮ್ಮ ಯಂತ್ರ ಹೇಳ್ತಿದೆ, ನೀವೇನಂತೀರಿ?" ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಐವತ್ತು ಗುಂಟೆ ಅಂತ ಯಾರಾದ್ರೂ ಬರೀತಾರೇನು? ನಲವತ್ತಕ್ಕೇ ಎಕರೆ ಆಗೋಯ್ತಲ್ಲ, ಮಗ. ಎರಡು ಎಕರೆ ಹತ್ತು ಗುಂಟೆ ಅನ್ನು" ಎಂದರು. ಎಪ್ಪತ್ತು ಗುಂಟೆಗೆ ಇಪ್ಪತ್ತು ಗುಂಟೆ ಸೇರಿ ತೊಂಬತ್ತು ಗುಂಟೆ. ಯಂತ್ರವು ಅದನ್ನು ಒಂದೂವರೆ ಎಕರೆ, ಅಂದರೆ ಅರವತ್ತು ಗುಂಟೆ ಎಂದು ತಿಳಿದಿತ್ತು. ಮೂರನೆಯ ಒಂದು ಭಾಗದ ಲೆಕ್ಕ ಸರಿಹೋಯಿತು.

ಸೋಮವಾರ ಹಿಂದಿನ ಬದಲಾವಣೆಗಳ ದಾಖಲೆಯನ್ನು ತೆಗೆಸಿ ನೋಡಿದಾಗ ನಡೆದದ್ದು ತಿಳಿಯಿತು. ಮೊದಲು ಈ ತಂತ್ರಾಂಶದಲ್ಲಿ ಎಕರೆಯನ್ನೂ ಗುಂಟೆಯನ್ನೂ ಎರಡು ಬೇರೆ ಸಂಖ್ಯೆಗಳಾಗಿ ಇಟ್ಟಿದ್ದರು. ಸರಳವಾಗಲೆಂದು ಯಾರೋ ಅವೆರಡನ್ನೂ ಒಂದೇ ದಶಾಂಶ ಸಂಖ್ಯೆಯಾಗಿ ಮಾಡಿದರು. ಆಗ ಒಂದು ಬಿಡಿಪರೀಕ್ಷೆ ಬಿದ್ದಿತು. ವಾಚಕರು ಇದನ್ನು ಗಮನಿಸಬೇಕು: ಪರೀಕ್ಷೆ ತನ್ನ ಕರ್ತವ್ಯವನ್ನು ಮಾಡಿತ್ತು. ತಪ್ಪು ನಡೆದ ಗಳಿಗೆಯಲ್ಲೇ ಕೆಂಪು ದೀಪ ಹತ್ತಿತ್ತು. ಆದರೆ ಅದರ ಹೆಸರು ಟೆಸ್ಟ್ ಟೋಟಲ್ 7. ಅದರೊಳಗಿನ ದೃಢೋಕ್ತಿ ಅಸರ್ಟ್ ಟ್ರೂ ಎಂಬುದು. ಕಂಸದೊಳಗೆ ಮೊತ್ತವು 2.10ಕ್ಕೆ ಸಮವೇ ಎಂಬ ಪ್ರಶ್ನೆ. ಅದು ಆಡಿದ ಮಾತು, ಸತ್ಯ ನಿರೀಕ್ಷಿತ, ಅಸತ್ಯ ಪ್ರಾಪ್ತ. ಎಕರೆ ಎಂಬ ಶಬ್ದವಿಲ್ಲ, ಗುಂಟೆ ಎಂಬ ಶಬ್ದವಿಲ್ಲ, ಬಂದ ಉತ್ತರ ಯಾವುದು ಎಂಬುದೂ ಇಲ್ಲ.

ಸಂಜೆಯೊಳಗೆ ಅದನ್ನು ಹಸಿರು ಮಾಡಬೇಕೆಂದು ಕೆಲಸಕ್ಕೆ ಸೇರಿ ವರ್ಷವೂ ತುಂಬದ ತರುಣನೊಬ್ಬನಿಗೆ ಒಪ್ಪಿಸಿದ್ದರು. ಅವನು ಮೊತ್ತವನ್ನು ಬೇರೆಯಾಗಿ ಮುದ್ರಿಸಿ ನೋಡಿದನು, 1.50 ಎಂದಿತ್ತು. "ಸರ್, 1.30ಕ್ಕೆ 0.20 ಕೂಡಿದರೆ 1.50 ತಾನೆ? ಅಲ್ಲಿ 2.10 ಅಂತ ಇತ್ತು. ಮೊದಲು ಬರೆದವರು ಕೈತಪ್ಪಿ ಬರೆದಿರಬೇಕು ಅಂದುಕೊಂಡೆ" ಎಂದು ಅವನು ನನಗೆ ಹೇಳಿದನು. ಆದ್ದರಿಂದ 2.10 ಎಂಬುದನ್ನು ಅಳಿಸಿ 1.50 ಎಂದು ಬರೆದನು. ಅದನ್ನು ನೋಡಿ ಒಪ್ಪಿಗೆ ಕೊಟ್ಟ ಹಿರಿಯರಿಬ್ಬರಿಗೂ ಅದು ಸರಿಯಾದ ತಿದ್ದುಪಡಿಯಾಗಿಯೇ ಕಂಡಿತು. ಹೀಗೆ ನಿಜ ಹೇಳುತ್ತಿದ್ದ ಒಂದೇ ಒಂದು ಸಾಕ್ಷಿಯನ್ನು ಮೂವರು ಸಜ್ಜನರು ಸೇರಿ ತಿದ್ದಿದರು. ಪತ್ರ ಬರೆದ ರೈತನು ಒಬ್ಬ. ಬರೆಯದೆ ಸುಮ್ಮನಿದ್ದವರ ಲೆಕ್ಕಗಳನ್ನೂ ಆಮೇಲೆ ಹುಡುಕಿ ಸರಿಪಡಿಸಬೇಕಾಯಿತು.

ಇದಾದ ಮೇಲೆ ಒಂದು ಸಭೆ ಸೇರಿತು. ತರುಣನು ಪರೀಕ್ಷೆಯನ್ನು ತಿದ್ದಿ ದೋಷವನ್ನು ಮುಚ್ಚಿದನೆಂದು ಅವನ ಸೇವಾ ದಾಖಲೆಯಲ್ಲಿ ಬರೆಯಬೇಕೆಂಬ ಮಾತು ಬಂದಿತು. ಕೆಳಗಿನವನ ಮೇಲೆ ಹೊರಿಸಿದರೆ ಸಭೆ ಬೇಗ ಮುಗಿಯುತ್ತದೆ ಎಂಬುದು ಎಲ್ಲ ಕಚೇರಿಗಳ ಅನುಭವ. ಆ ಪರೀಕ್ಷೆಯ ಹಳೆಯ ರೂಪವನ್ನು ಕೋಣೆಯ ಗೋಡೆಯ ಮೇಲೆ ತೋರಿಸಿ, 2.10 ಎಂದರೇನು, ಅದು ಏಕೆ ಬರಬೇಕು, ಇದನ್ನು ನೋಡಿ ಯಾರಾದರೂ ಹೇಳಬಲ್ಲಿರಾ ಎಂದು ನಾನು ಕೇಳಿದೆ. ವಿಷಯ ಆಗಲೇ ತಿಳಿದಿದ್ದವರೆಲ್ಲ ತಿಳಿದದ್ದರಿಂದ ಹೇಳಿದರು. ಓದಿ ಹೇಳಿದವರು ಒಬ್ಬರೂ ಇರಲಿಲ್ಲ. ಅದನ್ನು ಬರೆದವರು ಸಂಸ್ಥೆಯನ್ನು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅವರು ಬರೆದದ್ದು ಸುಳ್ಳಲ್ಲ. ಆದರೆ ತಾನಿಲ್ಲದ ಹೊತ್ತಿನಲ್ಲಿ ಇದನ್ನು ಇನ್ನೊಬ್ಬರು ಓದಬೇಕಾದೀತು ಎಂಬ ಎಣಿಕೆ ಅವರಿಗೆ ಇದ್ದಂತಿಲ್ಲ. ದಾಖಲೆಯಲ್ಲಿ ಬರೆಯುವ ಮಾತು ಅಲ್ಲಿಗೆ ನಿಂತಿತು.

ಈ ಪತ್ರಿಕೆಯ ವಾಚಕರಿಗೆ ಭಾಷಾಸಮಿತಿಯ ಅರ್ಥವನ್ನು ನಾನು ಹೇಳಬೇಕಾಗಿಲ್ಲ. ನಾನು ಶಾಸ್ತ್ರಜ್ಞನೂ ಅಲ್ಲ. ಆದರೂ ಒಂದು ಮಾತು ಮನಸ್ಸಿಗೆ ಬರುತ್ತದೆ. 1.50 ಎಂದ ತರುಣನ ಮಾತು ದಶಾಂಶದ ದೃಷ್ಟಿಯಿಂದ ನಿಜ. 2.10 ಎಂದ ಹಿಂದಿನವರ ಮಾತು ಎಕರೆ ಗುಂಟೆಯ ದೃಷ್ಟಿಯಿಂದ ನಿಜ. ಯಾವ ನಯದಿಂದ ಹೇಳುತ್ತಿದ್ದೇನೆ ಎಂಬುದನ್ನು ಬಿಟ್ಟು ಬರಿಯ ತೀರ್ಮಾನವನ್ನು ಹೇಳಿದರೆ, ಕೇಳುವವನು ತನ್ನ ನಯವನ್ನೇ ಅದಕ್ಕೆ ಹೊದಿಸಿ ಓದುತ್ತಾನೆ. ಸ್ಯಾದ್ವಾದವನ್ನು ಸಂದೇಹವಾದವೆಂದು ತಪ್ಪು ತಿಳಿದವರು ಬಹಳ ಮಂದಿ. ದೃಢೋಕ್ತಿಗೆ ಸಂದೇಹ ಹೊಂದದು. ಅದು ಖಂಡಿತವಾಗಿಯೇ ಹೇಳಬೇಕು. "ಎಕರೆ ಗುಂಟೆಗಳ ಲೆಕ್ಕದಲ್ಲಿ, 40ಕ್ಕೆ ಒಂದರಂತೆ ದಶಕ ಹಿಡಿದರೆ, ಉತ್ತರ ಖಂಡಿತವಾಗಿ 2 ಎಕರೆ 10 ಗುಂಟೆ" ಎಂಬಲ್ಲಿ ಅಪೇಕ್ಷೆಯೂ ಇದೆ, ಖಚಿತತೆಯೂ ಇದೆ. ಟೆಸ್ಟ್ ಟೋಟಲ್ 7ರಲ್ಲಿ ಖಚಿತತೆ ಮಾತ್ರ ಇತ್ತು.

ಆ ಭಾಗವನ್ನು ಹೊಸದಾಗಿ ಬರೆಯುವ ಕೆಲಸ ನನಗೂ ಆ ತರುಣನಿಗೂ ಬಂದಿತು. ವಿಸ್ತೀರ್ಣವೆಂಬುದನ್ನು ಬರಿಯ ಸಂಖ್ಯೆಯಾಗಿಡದೆ, ತನ್ನನ್ನು ತಾನೇ "2 ಎಕರೆ 10 ಗುಂಟೆ" ಎಂದು ಹೇಳಿಕೊಳ್ಳಬಲ್ಲ ವಸ್ತುವಾಗಿ ಮಾಡಿದೆವು. ಅಸರ್ಟ್ ಟ್ರೂ ಬದಲಿಗೆ, ಎರಡು ಬೆಲೆಗಳನ್ನು ಹೋಲಿಸಿ ಎರಡನ್ನೂ ತೋರಿಸುವ ಅಸರ್ಟ್ ಈಕ್ವಲ್ಸ್ ಬಳಸಿದೆವು. ಈಗ ಬೇಕೆಂದೇ ಹಳೆಯ ತಪ್ಪನ್ನು ಮತ್ತೆ ಮಾಡಿಸಿದರೆ ಯಂತ್ರವು ಹೇಳುವ ಮಾತು: ನಿರೀಕ್ಷಿಸಿದ್ದು 2 ಎಕರೆ 10 ಗುಂಟೆ, ದೊರೆತದ್ದು 1 ಎಕರೆ 20 ಗುಂಟೆ. ಇದನ್ನು ಓದಿದವನು ಗುಂಟೆಯನ್ನು ಎಂದೂ ಕಾಣದವನಾದರೂ, ತಿದ್ದುವ ಮೊದಲು ಒಬ್ಬರನ್ನು ಕೇಳಿಯಾನು. ಅಷ್ಟಾದರೆ ಸಾಕಾಗಿತ್ತು.

ಇಲ್ಲಿ ಒಂದು ಸಣ್ಣ ತೊಡಕುಂಟು. ಜೆಯೂನಿಟ್ಟಿನಲ್ಲಿ ನಿರೀಕ್ಷಿಸಿದ್ದನ್ನು ಮೊದಲು, ದೊರೆತದ್ದನ್ನು ಆಮೇಲೆ ಬರೆಯಬೇಕು. ಟೆಸ್ಟ್‌ಎನ್‌ಜಿ ಎಂಬ ಇನ್ನೊಂದು ಚೌಕಟ್ಟಿನಲ್ಲಿ ಇದು ತಿರುವುಮುರುವು. ಒಂದರಿಂದ ಇನ್ನೊಂದಕ್ಕೆ ಬಂದವರು ಅದಲುಬದಲು ಬರೆದರೆ ಪರೀಕ್ಷೆ ನಿಲ್ಲುವುದೂ ಬೀಳುವುದೂ ಸರಿಯಾಗಿಯೇ ನಡೆಯುತ್ತದೆ. ಆದರೆ ಬಿದ್ದಾಗ ಆಡುವ ಮಾತಿನಲ್ಲಿ ತಪ್ಪೇ ನಿರೀಕ್ಷಿತವೆಂದೂ ಸರಿಯೇ ದೋಷವೆಂದೂ ಕಾಣುತ್ತದೆ. ಈ ಗೊಂದಲಕ್ಕೆ ಎಡೆಗೊಡದ ಹ್ಯಾಮ್‌ಕ್ರೆಸ್ಟ್ ಎಂಬ ಸಲಕರಣೆ ಬಂದಿತು. ಅದನ್ನು 2007ರಲ್ಲಿ ಜೆಯೂನಿಟ್ ತನ್ನೊಳಗೆ ಸೇರಿಸಿಕೊಂಡಿತು. ಆಮೇಲೆ ಅಸರ್ಟ್‌ಜೆ ಮುಂತಾದವೂ ಬಂದವು. ಇವುಗಳಲ್ಲಿ ದೃಢೋಕ್ತಿಯನ್ನು ಇಂಗ್ಲಿಷ್ ವಾಕ್ಯದಂತೆಯೇ ಎಡದಿಂದ ಬಲಕ್ಕೆ ಓದಿಕೊಂಡು ಹೋಗಬಹುದು. ಓದಲು ಚೆನ್ನ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಅದರಲ್ಲಿ ಅರ್ಧ ಸಮ್ಮತಿ ಮಾತ್ರ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಬೆಳೆದು, ಹಳ್ಳಿಯ ಶಾಲೆಯಿಂದ ಬಂದ ಹುಡುಗನಿಗೆ ಇಂಗ್ಲಿಷ್ ವಾಕ್ಯದ ಲಯವೇನೂ ಹೆಚ್ಚಿನ ಬೆಳಕು ಕೊಡುವುದಿಲ್ಲ. ಅವನಿಗೆ ಬೇಕಾದದ್ದು ಸರಿಯಾದ ಹೆಸರು, ಅಳತೆಯ ಮಾನ, ಬಂದ ಬೆಲೆ. ಪೈಥಾನ್ ಭಾಷೆಯ ಪೈಟೆಸ್ಟ್ ಇದಕ್ಕಿಂತ ಜಾಣತನ ತೋರಿಸಿದೆ. ಬರೆಯುವವನು ಸಾಧಾರಣ ಹೋಲಿಕೆಯನ್ನು ಬರೆದರೂ, ಬಿದ್ದಾಗ ಎರಡು ಕಡೆಯ ಬೆಲೆಗಳನ್ನೂ ಅದೇ ಬಿಡಿಸಿ ತೋರಿಸುತ್ತದೆ.

ಮಾತು ಹೆಚ್ಚಾದರೂ ಕಷ್ಟವೇ. ಒಂದೊಂದು ದೃಢೋಕ್ತಿಗೂ ಅರ್ಧ ಪುಟದ ವಿವರಣೆ ಬರೆಯುವವರಿದ್ದಾರೆ. ತಂತ್ರಾಂಶ ಬದಲಾದಾಗ ಆ ವಿವರಣೆಯನ್ನು ಯಾರೂ ತಿದ್ದುವುದಿಲ್ಲ; ಒಂದು ವರ್ಷ ಕಳೆಯುವುದರೊಳಗೆ ಅದು ಸುಳ್ಳಾಗಿರುತ್ತದೆ. ಸುಳ್ಳು ವಿವರಣೆಗಿಂತ ಮೌನವೇ ಲೇಸು. ಇನ್ನು ಕೆಲವರು ಒಂದೇ ಪರೀಕ್ಷೆಯಲ್ಲಿ ಇಪ್ಪತ್ತು ದೃಢೋಕ್ತಿಗಳನ್ನು ಪೋಣಿಸುತ್ತಾರೆ. ಮೊದಲನೆಯದು ಬಿದ್ದರೆ ಉಳಿದವು ನಡೆಯುವುದೇ ಇಲ್ಲ, ಯಾವುದು ಬಿದ್ದಿತೆಂದು ಹುಡುಕುವುದೇ ಒಂದು ಕೆಲಸ. ಜೆರಾರ್ಡ್ ಮೆಸರೋಸ್ ಅವರು 2007ರ ತಮ್ಮ ಗ್ರಂಥದಲ್ಲಿ ಇದನ್ನು ರೂಲೆಟ್ ಜೂಜಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬರಬೇಕಾದ ಉತ್ತರವನ್ನು ಪರೀಕ್ಷೆಗೆ ಒಳಗಾಗುವ ಕ್ರಮವಿಧಿಯಿಂದಲೇ ಲೆಕ್ಕಹಾಕಿಸುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅದು. ಆ ಪರೀಕ್ಷೆ ಎಂದೂ ಬೀಳುವುದಿಲ್ಲ. 90 ಗುಂಟೆ ಎಂಬುದನ್ನು ಮನುಷ್ಯನೊಬ್ಬನು ಕೂಡಿ, ತಾನೇ ಕೈಯಿಂದ ಬರೆಯಬೇಕು.

2017ರಲ್ಲಿ ಬಂದ ಜೆಯೂನಿಟ್ಟಿನ ಐದನೆಯ ಆವೃತ್ತಿಯಲ್ಲಿ ಪರೀಕ್ಷೆಗೆ ಯಾವ ಭಾಷೆಯಲ್ಲಾದರೂ ಶೀರ್ಷಿಕೆ ಕೊಡಬಹುದು. ನಾವು ಕನ್ನಡದಲ್ಲಿಯೇ ಕೊಟ್ಟೆವು. "1 ಎಕರೆ 30 ಗುಂಟೆಗೆ 20 ಗುಂಟೆ ಕೂಡಿದರೆ 2 ಎಕರೆ 10 ಗುಂಟೆ" ಎಂಬುದು ಒಂದು. "39 ಗುಂಟೆಗೆ 1 ಗುಂಟೆ ಸೇರಿದರೆ 1 ಎಕರೆ" ಎಂಬುದು ಇನ್ನೊಂದು. "1.50 ಎಂಬ ಬರಹವನ್ನು ಒಪ್ಪಕೂಡದು, ಗುಂಟೆ 39ನ್ನು ಮೀರಲಾರದು" ಎಂಬುದು ಮತ್ತೊಂದು. ಹೀಗೆ ಮೂವತ್ತರಷ್ಟಾದವು. ಕನ್ನಡ ಬಾರದ ಸಹೋದ್ಯೋಗಿಗಳು ಗೊಣಗಿದರು. ಅವರಿಗಾಗಿ ಇಂಗ್ಲಿಷನ್ನೂ ಜೊತೆಗೆ ಸೇರಿಸಿದೆವು. ಈ ಶೀರ್ಷಿಕೆಗಳಲ್ಲಿ ಯಾವ ರೈತನ ಹೆಸರೂ ವಿವರವೂ ಇಲ್ಲದ್ದರಿಂದ ಮೇಲಿನವರ ಒಪ್ಪಿಗೆ ಪಡೆದು ಪಟ್ಟಿಯನ್ನು ಮುದ್ರಿಸಿಕೊಂಡು ಹಂಪಾಪುರಕ್ಕೆ ಒಯ್ದೆ.

ದೊಡ್ಡಪ್ಪನವರು ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಓದಿದರು. ಗಣಕಯಂತ್ರದ ಪರೀಕ್ಷೆಯನ್ನು ಯಾವ ಭೂಮಿಗಾಗಿ ಬರೆದಿದೆಯೋ ಆ ಬಗೆಯ ಭೂಮಿಯನ್ನು ಉಳುವವರು ಓದಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೂರು ಕಡೆ ತಲೆಯಾಡಿಸಿದರು. ಆಮೇಲೆ, "ಖರಾಬು ಎಲ್ಲಿ?" ಎಂದರು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಸಾಗುವಳಿಗೆ ಬಾರದ ಖರಾಬನ್ನು ಕಳೆದು ಉಳಿದದ್ದನ್ನು ಬೇರೆಯಾಗಿ ತೋರಿಸಿರುತ್ತಾರೆ. ನಮ್ಮ ತಂತ್ರಾಂಶ ಅದನ್ನು ಸರಿಯಾಗಿ ಕಳೆಯುತ್ತಿತ್ತು. ಆದರೆ ಹಾಗೆಂದು ಹೇಳುವ ಒಂದು ಪರೀಕ್ಷೆಯೂ ಪಟ್ಟಿಯಲ್ಲಿರಲಿಲ್ಲ. ಹಿಂದಿನ ಪಟ್ಟಿಯಲ್ಲೂ ಇರಲಿಲ್ಲ, ಯಾರಿಗೂ ಕಂಡಿರಲೂ ಇಲ್ಲ. ಟೆಸ್ಟ್ ಟೋಟಲ್ 1ರಿಂದ 12ರವರೆಗೆ ಎಂದು ಬರೆದ ಪಟ್ಟಿಯಲ್ಲಿ ಇಲ್ಲದ್ದು ಯಾವುದೆಂದು ಕಾಣುವುದಾದರೂ ಹೇಗೆ?

ಜಂಟಿ ಪಹಣಿಯ ಸಾಲಿಗೆ ಬಂದಾಗ ಅವರು ಬೆರಳನ್ನು ಮುಂದೆ ಸರಿಸಲಿಲ್ಲ. ಒಂದು ಎಕರೆಯಲ್ಲಿ ಮೂವರು ಸಮಪಾಲುದಾರರಿದ್ದರೆ ಒಬ್ಬೊಬ್ಬರಿಗೆ 13 ಗುಂಟೆ 5 ಆಣೆ ಎಂದು ನಾವು ಬರೆದಿದ್ದೆವು. ಅವರು ಮನಸ್ಸಿನಲ್ಲಿಯೇ ಮೂರರಿಂದ ಗುಣಿಸಿದರು. "ಮೂವತ್ತೊಂಬತ್ತು ಗುಂಟೆ ಹದಿನೈದಾಣೆ. ಇನ್ನೊಂದು ಆಣೆ ಯಾರಿಗೆ ಕೊಟ್ಟೆ?" ಎಂದು ಕೇಳಿದರು. ಸುಮಾರು 68 ಚದರಡಿ, ಒಂದು ಎತ್ತನ್ನು ಕಟ್ಟುವಷ್ಟು ಜಾಗ. ಸಾಲದ ಮೊತ್ತದಲ್ಲಿ ಅದರಿಂದ ಆಗುವ ವ್ಯತ್ಯಾಸ ಅಲ್ಪ ಎಂದೆ. "ಅಲ್ಪ ಅಂತ ಬರ್ದಿದ್ದೀಯಾ ಇಲ್ಲಿ? ಮೂರು ಪಾಲೂ ಕೂಡಿದ್ರೆ ಮೊದಲಿನ ಎಕರೆ ಬರಬೇಕು ಅಂತ ಬರಿ ಮೊದಲು" ಎಂದರು. ತಂತ್ರಾಂಶದ ಪಾಠಗಳಲ್ಲಿ ಇಂಥ ದೃಢೋಕ್ತಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಅವರು ಅದನ್ನು ಅಣ್ಣತಮ್ಮಂದಿರ ಪಾಲುಪಟ್ಟಿಗಳಿಂದ ಕಲಿತಿದ್ದರು.

ಅದನ್ನು ಹಾಗೆಯೇ ಬರೆದೆವು: "ಪಾಲುಗಳನ್ನು ಮತ್ತೆ ಕೂಡಿದರೆ ಮೊದಲಿನ ಭೂಮಿಯೇ ಬರಬೇಕು, ಒಂದು ಆಣೆಯೂ ಉಳಿಯಕೂಡದು." ಪರೀಕ್ಷೆ ಬಿದ್ದಿತು: ನಿರೀಕ್ಷಿಸಿದ್ದು 1 ಎಕರೆ, ದೊರೆತದ್ದು 39 ಗುಂಟೆ 15 ಆಣೆ. ಉಳಿದ ಆಣೆಯನ್ನು ಯಾರ ಪಾಲಿಗೆ ಹಾಕಬೇಕೆಂದು ನಿರ್ಣಯಿಸುವ ಅಧಿಕಾರ ನಮ್ಮದಲ್ಲವಾದ್ದರಿಂದ, ಕಾರಣವನ್ನು ಶೀರ್ಷಿಕೆಯ ಪಕ್ಕದಲ್ಲಿಯೇ ಬರೆದು, ಪರೀಕ್ಷೆಯನ್ನು ತಾತ್ಕಾಲಿಕವಾಗಿ ತಡೆದಿರಿಸಿ, ಸಾಲ ಸಂಸ್ಥೆಯವರನ್ನು ಕೇಳಿದೆವು. ಪಹಣಿಯಲ್ಲಿ ಕೊನೆಗೆ ಹೆಸರಿರುವವನ ಪಾಲಿಗೆ ಸೇರಿಸಿ ಎಂದು ಎರಡು ವಾರಗಳ ಮೇಲೆ ಉತ್ತರ ಬಂದಿತು. ತರುಣನು ಅದನ್ನೂ ಶೀರ್ಷಿಕೆಯಲ್ಲಿ ಬರೆದು ಪರೀಕ್ಷೆಯನ್ನು ಚಾಲನೆಗೆ ತಂದನು. ಕೊನೆಗೆ ಹೆಸರಿರುವವನಿಗೇ ಏಕೆ ಎಂದು ದೊಡ್ಡಪ್ಪನವರು ಈಗಲೂ ನನ್ನನ್ನು ಕೇಳುತ್ತಾರೆ. ಹಾಗೆಂದು ತೀರ್ಮಾನವಾಗಿದೆ ಎಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಉತ್ತರವಿಲ್ಲ.